ಪೇಟಿಯೂ ಪೆಟ್ಟಿಗೆಯೂ

ನಮ್ಮ ಗದಗ ಸೀಮೆಯಲ್ಲಿ ಹಾರ್ಮೋನಿಯಂ ಎಂದರೆ ಪೇಟಿ. ಸಣ್ಣವಳಿದ್ದಾಗ ಶಿರಹಟ್ಟಿ ಜಾತ್ರೆಯ ನಾಟಕದಲ್ಲಿ ಕಾಲುಪೇಟಿ ಕೇಳಿ, ನನಗೂ ಕಲಿಸಿರೆಂದು ಅಪ್ಪನ ಬೆನ್ನು ಹತ್ತಿದೆ. ಕಲಿಸಲು ಬಂದ ಮಾಸ್ತರರಿಗೆ ಕಣ್ಣಿರಲಿಲ್ಲ. ಅವರು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು. ಅದನ್ನು ಕಟ್ಟಿದ ಪಂಚಾಕ್ಷರಿ ಗವಾಯಿಗಳು 1944ರಲ್ಲಿ ಲಿಂಗೈಕ್ಯರಾದ ಮೇಲೆ, 2010ರವರೆಗೂ ಪುಟ್ಟರಾಜ ಗವಾಯಿಗಳು ನಡೆಸಿದರು. ಗುರು-ಶಿಷ್ಯರಿಬ್ಬರೂ ಅಂಧರು, ಎಷ್ಟೋ ಅಂಧ ಮಕ್ಕಳಿಗೆ ಸಂಗೀತವನ್ನೇ ಬದುಕಾಗಿ ಕೊಟ್ಟರು.

ಮಾಸ್ತರರು ಸ್ವರ ಹೇಳುವರು, ನಾನು ನೋಟುಬುಕ್ಕಿನಲ್ಲಿ ಬರೆದುಕೊಳ್ಳುವೆ. "ಬರದದ್ದು ಬರೇ ಗುರ್ತು, ತಂಗೆವ್ವ. ಹಾಡು ನಿನ್ನ ಕೈಯಾಗ ಬರಬೇಕು" ಎನ್ನುತ್ತಿದ್ದರು.

1976ರಲ್ಲಿ ಸೊಸೆಯಾಗಿ ಲಕ್ಷ್ಮೇಶ್ವರಕ್ಕೆ ಬಂದೆ. ಪೇಟಿಯೂ ಜೊತೆಗೆ ಬಂತು. "ಸೊಸಿ ಪೇಟಿ ಬಾರಿಸ್ಕೋತ ಕುಂತರ ರೊಟ್ಟಿ ಬಡಿಯೋರು ಯಾರು?" ಎಂದು ಅತ್ತೆ ನಕ್ಕರು. ಆ ನಗೆಯಲ್ಲೇ ಅಪ್ಪಣೆಯಿತ್ತು. ಎರಡು ವರ್ಷಕ್ಕೆ ಪೇಟಿ ಮುಂಡರಗಿ ಕಡೆಯ ಭಜನಾ ಮೇಳವೊಂದಕ್ಕೆ ಹೋಯಿತು. ನೋಟುಬುಕ್ಕು ಟ್ರಂಕಿನ ತಳ ಸೇರಿತು.

1995ರ ಬೇಸಿಗೆ ರಜೆಯಲ್ಲಿ ಹುಬ್ಬಳ್ಳಿಯ ತಮ್ಮನ ಮನೆಗೆ ಹೋಗಿದ್ದೆವು. ಅಲ್ಲಿ ಕಂಪ್ಯೂಟರ್ ಬಂದಿತ್ತು. ಹನ್ನೆರಡು ವರ್ಷದ ನನ್ನ ಮಗ ಊಟ ಮರೆತು ಅದರ ಮುಂದೆ ಕೂತ. ಆಟದ ಹೆಸರು ಕಿಂಗ್ಸ್ ಕ್ವೆಸ್ಟ್, ನಾಲ್ಕನೆಯ ಭಾಗ. ಅಮೆರಿಕದ ಸಿಯೆರಾ ಕಂಪನಿ 1988ರಲ್ಲಿ ತಂದದ್ದು. ರಚಿಸಿದಾಕೆ ರಾಬರ್ಟಾ ವಿಲಿಯಮ್ಸ್ ಎಂಬ ಹೆಣ್ಣುಮಗಳು. ಸಾಯುವ ಸ್ಥಿತಿಯಲ್ಲಿದ್ದ ತಂದೆಗಾಗಿ ಮಾಯದ ಹಣ್ಣು ತರಲು ಹೊರಡುವ ರಾಜಕುಮಾರಿ ರೊಸೆಲ್ಲಾ ಅದರ ನಾಯಕಿ. ಅಜ್ಜಿಯ ಕಥೆಯಂತಿದೆಯಲ್ಲ ಎಂದು ನಾನೂ ಹತ್ತಿರ ಕೂತೆ. ಆದರೆ ಸಂಗೀತ ಮಾತ್ರ ಡಬ್ಬಿಯಲ್ಲಿ ಗುಂಗಿಹುಳ ಸಿಕ್ಕಂತಿತ್ತು. ಕಂಪ್ಯೂಟರಿನೊಳಗಿನ ಪುಟ್ಟ ಸ್ಪೀಕರಿಗೆ ಒಂದು ಸಲಕ್ಕೆ ಒಂದೇ ಸ್ವರ.

"ಇದಕ್ಕ ಹಾಡು ಅಂತಾರೇನೋ?"

"ಅವ್ವಾ, ಇದರಾಗ ದೊಡ್ಡ ಮೇಳನ ಐತಿ. ಬಾರಿಸೋ ಪೆಟ್ಟಿಗಿ ನಮ್ಮ ಹಂತ್ಯಾಕ ಇಲ್ಲ."

"ಸುಳ್ಳ ಹೇಳಬ್ಯಾಡ" ಎಂದು ಗದರಿ ಎಬ್ಬಿಸಿದೆ.

ಅವನು ಹೇಳಿದ್ದು ನಿಜವೆಂದು ತಿಳಿದದ್ದು ಮೊನ್ನೆ ಮೊನ್ನೆ. ಬೆಂಗಳೂರಿನಲ್ಲಿ ನೌಕರಿ ಮಾಡುವ ಅವನು ಯಾರೋ ಬಳಸಿ ಬಿಟ್ಟ ಎರಡು ಪೆಟ್ಟಿಗೆಗಳನ್ನು ಹುಡುಕಿ ಕೊಂಡಿದ್ದಾನೆ. ಅವುಗಳಿಗೆ ಸಿಂಥಸೈಜರ್ ಎನ್ನುತ್ತಾರೆ. ಬಾರಿಸುವ ಮನೆಗಳಿಲ್ಲದ ವಾದ್ಯ. ಅವನು ಕೂಡಿಸಿ ಹೇಳಿದ ಕಥೆ ಇದು.

1983ರಲ್ಲಿ, ಬೇರೆ ಬೇರೆ ಕಂಪನಿಗಳ ವಿದ್ಯುತ್ ವಾದ್ಯಗಳು ಒಂದರ ಮಾತು ಇನ್ನೊಂದಕ್ಕೆ ತಿಳಿಯಲೆಂದು ಮಿಡಿ ಎಂಬ ಪದ್ಧತಿ ಬಂತು. ಅಮೆರಿಕದ ಡೇವ್ ಸ್ಮಿತ್, ಜಪಾನಿನ ರೋಲ್ಯಾಂಡ್ ಕಂಪನಿಯ ಇಕುತಾರೊ ಕಾಕೆಹಾಶಿ ಇದಕ್ಕೆ ದುಡಿದವರಲ್ಲಿ ಮುಖ್ಯರು. 2013ರಲ್ಲಿ ಇಬ್ಬರಿಗೂ ಗ್ರ್ಯಾಮಿ ಗೌರವ ಸಂದಿತು. ಮಿಡಿಯಲ್ಲಿ ಧ್ವನಿ ಇರುವುದಿಲ್ಲ, ಅಪ್ಪಣೆಗಳಷ್ಟೇ ಇರುತ್ತವೆ: ಯಾವ ಮನೆ ಒತ್ತಬೇಕು, ಎಷ್ಟು ಬಿರುಸಾಗಿ, ಯಾವಾಗ ಬಿಡಬೇಕು. ಪೇಟಿಯ ನಡುವಿನ ಸಪ್ತಕದ ಬಿಳಿ ಒಂದಕ್ಕೆ ಅಲ್ಲಿ 60 ಎಂಬ ಅಂಕಿ, ಕರಿ ಒಂದಕ್ಕೆ 61. ಕೇಳುತ್ತಿದ್ದಂತೆ ನನಗೆ ನನ್ನ ನೋಟುಬುಕ್ಕು ನೆನಪಾಯಿತು.

ಆಗಿನ ಫ್ಲಾಪಿಗಳಲ್ಲಿ ಹಾಡನ್ನೇ ಮುದ್ರಿಸಿ ತುಂಬುವಷ್ಟು ಜಾಗವಿರಲಿಲ್ಲ. ಅಪ್ಪಣೆಗಳಿಗೆ ಚೂರು ಜಾಗ ಸಾಕು. ಹಾಡುವ ಕೆಲಸ ಪೆಟ್ಟಿಗೆಯದು. 1987ರಲ್ಲಿ ಬಂದ ಆಡ್‌ಲಿಬ್ ಕಾರ್ಡಿನಿಂದ ಒಮ್ಮೆಗೆ ಒಂಬತ್ತು ಸ್ವರ ಹೊರಡುತ್ತಿದ್ದವು. ಅದೇ ವರ್ಷ ರೋಲ್ಯಾಂಡ್ ಎಂ.ಟಿ.-32 ಬಂತು. ತಂತಿ ಮೀಟಿದ, ಕೊಳಲಿಗೆ ಉಸಿರು ತಾಗಿದ ಮೊದಲ ಕ್ಷಣದ ಸದ್ದನ್ನು ಮುದ್ರಿಸಿಟ್ಟುಕೊಂಡು, ಮುಂದಿನ ನಾದವನ್ನು ತಾನೇ ಹುಟ್ಟಿಸುವ ಜಾಣತನ ಅದರದು. ಸಿಯೆರಾದವರು ವಿಲಿಯಂ ಗೋಲ್ಡ್‌ಸ್ಟೀನ್ ಎಂಬ ಸಂಗೀತಗಾರರಿಂದ ರೊಸೆಲ್ಲಾಳ ಕಥೆಗೆ ಸಂಗೀತ ಕಟ್ಟಿಸಿದರು. ನೂರಾರು ಡಾಲರ್ ಕೊಟ್ಟು ಪೆಟ್ಟಿಗೆ ಕೊಂಡವರ ಮನೆಯಲ್ಲಿ ಮೇಳ. ಇಲ್ಲದವರ ಮನೆಯಲ್ಲಿ ಗುಂಗಿಹುಳ. ಮುಂದೆ ಸಿ.ಡಿ.ಗಳು ಬಂದು ಹಾಡನ್ನೇ ಮುದ್ರಿಸಿ ಕೊಡತೊಡಗಿದವು. ಆಟಗಳಿಗೆ ಈ ಪೆಟ್ಟಿಗೆಗಳು ಬೇಡವಾದವು.

ಮಗ ಅದೇ ಆಟ ಹಚ್ಚಿದ. ವಾದ್ಯಗಳೆಲ್ಲ ಒಟ್ಟಿಗೆ ಎದ್ದವು. ಹುಬ್ಬಳ್ಳಿಯಲ್ಲಿ ಕೇಳಿದ್ದ ಧಾಟಿಯೇ, ಆದರೆ ತುಂಬಿ ಬಂದಿತ್ತು. ನನಗೆ ಮಗನ ಮುಖ ನೋಡಲು ನಾಚಿಕೆಯಾಯಿತು.

ಎರಡನೆಯ ಪೆಟ್ಟಿಗೆ 1991ರ ಸೌಂಡ್ ಕ್ಯಾನ್ವಾಸ್. ಆ ವರ್ಷವೇ 128 ಧ್ವನಿಗಳಿಗೆ ಎಲ್ಲ ಕಂಪನಿಗಳೂ ಒಪ್ಪುವ ಒಂದು ಪಟ್ಟಿಯಾಯಿತು. ಅದರಲ್ಲಿ 105 ಸಿತಾರ್, 112 ಶಹನಾಯಿ. "ನಿನ್ನ ಬುಕ್ಕ ಕೊಡವ್ವ" ಎಂದ ಮಗ. ಲಕ್ಷ್ಮೇಶ್ವರದಿಂದ ತರಿಸಿ ಕೊಟ್ಟೆ. ಮಾಸ್ತರರು ಹೇಳಿಕೊಟ್ಟ ದುರ್ಗಾ ರಾಗದ ಚೀಜನ್ನು ಅಂಕಿಗೆ ಇಳಿಸಿ, ಶಹನಾಯಿಯ ಧ್ವನಿ ಕೊಟ್ಟ. ಸ್ವರಗಳು ಸರಿಯಿದ್ದವು, ಆದರೆ ಮೆಟ್ಟಿಲು ಹತ್ತಿದಂತೆ ಕೇಳಿಸಿತು. "ಮೀಂಡ್ ಎಲ್ಲಿ?" ಎಂದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲಾರದು ಎಂಬ ಈ ದೂರಿಗಾಗಿಯೇ ನಮ್ಮ ಪೇಟಿಯನ್ನೂ 1940ರಿಂದ 1971ರವರೆಗೆ ರೇಡಿಯೋದಿಂದ ಹೊರಗಿಟ್ಟಿದ್ದರು. ಮಿಡಿಯಲ್ಲಿ ಸ್ವರ ಬಾಗಿಸುವ ಅಪ್ಪಣೆಯೂ ಇದೆಯಂತೆ, ಯಾರಾದರೂ ಬರೆಯಬೇಕಷ್ಟೆ. ನಾನು ಗುನುಗಿದೆ, ಅವನು ಬರೆದ.

ಅಂತರಾದ ನಡುವೆ ಪೆಟ್ಟಿಗೆ ನಿಂತಿತು.

"ಮುಂದ?"

ನೋಟುಬುಕ್ಕು ಅಲ್ಲಿಗೇ ಮುಗಿದಿತ್ತು. ಆ ವಾರ ನನ್ನ ನಿಶ್ಚಯವಾಗಿ ಪಾಠ ನಿಂತಿತ್ತು. ಕೊನೆಯ ದಿನ ಮಾಸ್ತರರು ಉಳಿದದ್ದನ್ನು ಬಾಯಲ್ಲಿ ಹೇಳಿಕೊಟ್ಟಿದ್ದರು, ಬರೆಯಲು ಪುರುಸೊತ್ತಾಗಿರಲಿಲ್ಲ. ಅವರು ಈಗಿಲ್ಲ. ನನ್ನೊಬ್ಬಳ ಹತ್ತಿರ ಉಳಿದಿದ್ದ ಆ ನಾಲ್ಕು ಸಾಲನ್ನು ಮಗನ ಮುಂದೆ ಹಾಡಿದೆ. ದನಿ ಒಡೆಯಿತು, ಬೆರಳು ತಾವಾಗಿಯೇ ಮೇಜಿನ ಮೇಲೆ ಆಡಿದವು. ಅವನು ಎರಡು ಕಡೆ ತಪ್ಪು ಬರೆದ, ತಿದ್ದಿಸಿದೆ.

ನಿಮ್ಮ ಟ್ರಂಕಿನ ತಳದಲ್ಲೂ ಇಂಥ ನೋಟುಬುಕ್ಕಿದ್ದರೆ ತೆಗೆದು ನೋಡಿರಿ. ಬರೆಯದೆ ಉಳಿದದ್ದು ಏನೆಂದು ನಿಮಗೊಬ್ಬರಿಗೇ ಗೊತ್ತು. ನಾನು ಮುಂದಿನ ತಿಂಗಳು ಗದಗಿಗೆ ಹೋಗುವವಳಿದ್ದೇನೆ. ಒಂದು ಪೇಟಿ ಕೊಳ್ಳಬೇಕು.