ಕಾಂಗ್ರೆಸ್ಸಿನ ಕಾಯಿಲೆಗೆ ಮದ್ದು ಅರೆದ ಡಾಕ್ಟರು

ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಮತದಾರರಿಗೆ ಪಕ್ಷಾಂತರ ಹೊಸ ಮಾತಲ್ಲ. ಹುಕ್ಕೇರಿಯಿಂದ ಮತ್ತೆ ಮತ್ತೆ ಗೆದ್ದು 2022ರಲ್ಲಿ ನಿಧನರಾದ ಉಮೇಶ ಕತ್ತಿ ಜನತಾ ಪರಿವಾರದ ಹಲವು ಬಾಗಿಲು ದಾಟಿ ಬಿಜೆಪಿ ಸೇರಿದವರು. ಮೂಡಲಗಿಯನ್ನು ಒಳಗೊಂಡ ಅರಭಾವಿ ಕ್ಷೇತ್ರದ ಬಾಲಚಂದ್ರ ಜಾರಕಿಹೊಳಿ 2008ರಲ್ಲಿ ಜನತಾದಳ ಬಿಟ್ಟು ಬಿಜೆಪಿಗೆ ಬಂದರು. ಅವರ ಸಹೋದರ, ಗೋಕಾಕದ ರಮೇಶ ಜಾರಕಿಹೊಳಿ 2019ರಲ್ಲಿ ಕಾಂಗ್ರೆಸ್ ಬಿಟ್ಟು ಅದೇ ದಾರಿ ಹಿಡಿದರು. ಇಬ್ಬರನ್ನೂ ಜನ ಮರಳಿ ಆರಿಸಿದರು. ಪಕ್ಷ ಸರಿಯಿಲ್ಲವೆನಿಸಿದರೆ ಅದನ್ನು ಬಿಡುವುದು ಇಲ್ಲಿ ರೂಢಿಯ ರಾಜಕಾರಣ.

ಆದರೆ ಪಕ್ಷ ಸರಿಯಿಲ್ಲವೆನಿಸಿದಾಗ ಒಳಗೇ ಉಳಿದು ಅದನ್ನು ತಿದ್ದಲು ಹೆಣಗಿದ ಒಬ್ಬರ ಗುರುತೂ ಇದೇ ನೆಲದಲ್ಲಿದೆ. ಈ ಮೂರು ಊರುಗಳ ನಡುವೆ, ಪುಣೆ-ಬೆಳಗಾವಿ ರೈಲು ಮಾರ್ಗದ ಮೇಲಿರುವ ಘಟಪ್ರಭಾದಲ್ಲಿ 1929ರಲ್ಲಿ ಕೆಲವು ದೇಶಭಕ್ತ ವೈದ್ಯರು ಸೇರಿ ಕರ್ನಾಟಕ ಆರೋಗ್ಯಧಾಮವನ್ನು ಆರಂಭಿಸಿದರು. ಅವರಲ್ಲಿ ಒಬ್ಬರು ಡಾ. ನಾರಾಯಣ ಸುಬ್ಬರಾವ್ ಹರ್ಡೀಕರ್. ರೋಗಿಗಳಿಗೆ ಆಸ್ಪತ್ರೆ ಕಟ್ಟುವ ಮೊದಲೇ ಅವರು ಇನ್ನೊಂದು ಚಿಕಿತ್ಸೆಗೆ ಕೈಹಾಕಿದ್ದರು. ಅವರ ಆ ರೋಗಿ ಕಾಂಗ್ರೆಸ್ ಪಕ್ಷ.

ಸದಸ್ಯರಿದ್ದರು, ಶಿಸ್ತಿರಲಿಲ್ಲ

ಇಂದಿನ ಓದುಗರಿಗೆ ಆ ಕಾಲದ ಕಾಂಗ್ರೆಸ್ ಎಂದರೆ ದೇಶ ವ್ಯಾಪಿಸಿದ ಮಹಾಸಂಸ್ಥೆ. ಕನ್ನಡ ನಾಡಿನ ಮಟ್ಟಿಗೆ ಅದು 1920ರವರೆಗೆ ಸಣ್ಣ ಪಕ್ಷವೇ ಆಗಿತ್ತು. ಕನ್ನಡಿಗರು ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹಂಚಿಹೋಗಿದ್ದರು. ವಕೀಲರು, ಶಿಕ್ಷಿತರು ಡಿಸೆಂಬರಿನಲ್ಲಿ ಅಧಿವೇಶನಕ್ಕೆ ಹೋಗಿ ಬಂದರೆ ವರ್ಷದ ರಾಜಕೀಯ ಬಹುಮಟ್ಟಿಗೆ ಮುಗಿಯುತ್ತಿತ್ತು. 1916ರಲ್ಲಿ ಲೋಕಮಾನ್ಯ ತಿಲಕರು ಬೆಳಗಾವಿಯಲ್ಲಿ ಹೋಂರೂಲ್ ಲೀಗ್ ಆರಂಭಿಸಿದಾಗ ಸ್ವಲ್ಪ ಬಿಸಿ ಹುಟ್ಟಿತು. 1920ರ ನಾಗಪುರ ಅಧಿವೇಶನ ಭಾಷಾವಾರು ಪ್ರಾಂತಗಳನ್ನು ಒಪ್ಪಿದ ಮೇಲೆ ಕರ್ನಾಟಕಕ್ಕೆ ಸ್ವಂತ ಪ್ರಾಂತ ಸಮಿತಿ ಸಿಕ್ಕಿತು. ಬೆಳಗಾವಿ ಬಳಿಯ ಹುದಲಿಯ ಗಂಗಾಧರರಾವ್ ದೇಶಪಾಂಡೆ ಅದರ ಮೊದಲ ಅಧ್ಯಕ್ಷರಾದರು. ನಾಲ್ಕಾಣೆ ಕೊಟ್ಟವರೆಲ್ಲ ಸದಸ್ಯರು ಎಂಬ ನಿಯಮ ಬಂತು.

ಸದಸ್ಯರು ಬಂದರು, ಆದರೆ ಅವರನ್ನು ನಡೆಸುವ ವ್ಯವಸ್ಥೆ ಬರಲಿಲ್ಲ. 1921ರ ಜುಲೈ 1ರಂದು ಧಾರವಾಡದಲ್ಲಿ ಸೆರೆ ಅಂಗಡಿಯ ಎದುರಿನ ಪಿಕೆಟಿಂಗ್ ಪೊಲೀಸರ ಗೋಲಿಬಾರಿನಲ್ಲಿ ಕೊನೆಗೊಂಡು ಮೂವರು ಸತ್ತರು. 1922ರ ಫೆಬ್ರುವರಿಯಲ್ಲಿ ಚೌರಿಚೌರಾದಲ್ಲಿ ಗುಂಪು ಠಾಣೆಗೆ ಬೆಂಕಿಯಿಟ್ಟು ಪೊಲೀಸರನ್ನು ಕೊಂದಾಗ ಗಾಂಧೀಜಿ ಚಳವಳಿಯನ್ನೇ ನಿಲ್ಲಿಸಿದರು. ಜನರಿಗೆ ಉತ್ಸಾಹವಿದ್ದರೆ ಸಾಲದು, ತರಬೇತಿಯೂ ಬೇಕು ಎಂಬ ಪಾಠ ಕಣ್ಣೆದುರಿಗಿತ್ತು.

ಹುಬ್ಬಳ್ಳಿಯ ಹುಡುಗರು

ಈ ಪಾಠ ಕಲಿತವರಲ್ಲಿ ಹರ್ಡೀಕರ್ ಒಬ್ಬರು. 1889ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರು ವೈದ್ಯಕೀಯ ಓದಿ ಅಮೆರಿಕಕ್ಕೆ ತೆರಳಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯ ಕಲಿತರು. ಅಲ್ಲಿದ್ದ ಲಾಲಾ ಲಜಪತರಾಯರ ಜೊತೆ ಹೋಂರೂಲ್ ಪ್ರಚಾರದಲ್ಲಿ ದುಡಿದರು. 1921ರಲ್ಲಿ ಮರಳಿ ಬಂದವರು ಹುಬ್ಬಳ್ಳಿಯಲ್ಲಿ ತರುಣರನ್ನು ಕಲೆಹಾಕಿ ಸೇವಾ ಮಂಡಲ ಕಟ್ಟಿದರು.

1923ರ ನಾಗಪುರ ಧ್ವಜ ಸತ್ಯಾಗ್ರಹ ಈ ಹುಡುಗರ ಗಟ್ಟಿತನವನ್ನು ದೇಶಕ್ಕೆ ತೋರಿಸಿತು. ಜೈಲಿನ ಕಷ್ಟ ತಾಳದೆ ಅನೇಕರು ಕ್ಷಮೆ ಬರೆದುಕೊಟ್ಟು ಹೊರಬಂದಾಗ ಹುಬ್ಬಳ್ಳಿಯ ತಂಡ ಮಾತ್ರ ಬಗ್ಗಲಿಲ್ಲ. ಇಂಥ ಪಡೆ ದೇಶಕ್ಕೆಲ್ಲ ಬೇಕೆಂಬ ಮಾತು ಎದ್ದಿತು. ಅದೇ ವರ್ಷ ಡಿಸೆಂಬರಿನಲ್ಲಿ ಕಾಕಿನಾಡಾ ಅಧಿವೇಶನದ ಹೊತ್ತಿಗೆ ಮುಂದೆ ಹಿಂದೂಸ್ತಾನಿ ಸೇವಾದಳವೆಂದು ಹೆಸರಾದ ಸಂಸ್ಥೆ ಹುಟ್ಟಿತು. ಜವಾಹರಲಾಲ್ ನೆಹರೂ ಅಧ್ಯಕ್ಷರು, ಹರ್ಡೀಕರ್ ಸಂಘಟಕರು, ಹುಬ್ಬಳ್ಳಿಯೇ ಕೇಂದ್ರ.

ಮನೆಯೊಳಗಿನ ವಿರೋಧ

ಮೊದಲ ಅಡ್ಡಿ ಸರ್ಕಾರದಿಂದ ಬರಲಿಲ್ಲ, ಪಕ್ಷದೊಳಗಿಂದಲೇ ಬಂತು. ದೊಡ್ಡ ಕಾಂಗ್ರೆಸ್ ನಾಯಕರೇ ಇದನ್ನು ವಿರೋಧಿಸಿದ್ದು ಅಚ್ಚರಿ ತಂದಿತೆಂದು ನೆಹರೂ ತಮ್ಮ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ಸಮವಸ್ತ್ರ, ಕವಾಯತು ಎಂದರೆ ಸೈನ್ಯದ ಗಾಳಿ ಬೀಸಿದಂತೆ. ನಾಳೆ ಈ ಪಡೆ ಪಕ್ಷದ ನಾಯಕತ್ವವನ್ನೇ ಮೆಟ್ಟಿ ನಿಲ್ಲಬಹುದು ಎಂಬುದು ಕೆಲವರ ಭಯ. ಸಾಲಾಗಿ ಹೆಜ್ಜೆ ಹಾಕುವುದು ಅಹಿಂಸೆಗೆ ಒಗ್ಗದು ಎಂಬುದು ಇನ್ನು ಕೆಲವರ ಆಕ್ಷೇಪ. ಹೇಳಿದ ಮಾತು ಕೇಳಿದರೆ ಸಾಕು, ತರಬೇತಿ ಏಕೆ ಎಂದವರೂ ಇದ್ದರು.

ಹರ್ಡೀಕರ್ ಸಿಟ್ಟಾಗಿ ಬೇರೆ ಪಕ್ಷ ಕಟ್ಟಲಿಲ್ಲ. ತರಬೇತಿ ಪಡೆದವನೇ ಹೆಚ್ಚು ಸಂಯಮಿ ಎಂಬುದನ್ನು ಕೆಲಸದಿಂದ ತೋರಿಸಲು ಹೊರಟರು.

ಬೆಳಗಾವಿಯ ಪರೀಕ್ಷೆ

ಅದಕ್ಕೆ ಅವಕಾಶ ಸಿಕ್ಕಿದ್ದು 1924ರ ಡಿಸೆಂಬರ್ 26 ಮತ್ತು 27ರಂದು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ಬೆಳಗಾವಿಯಲ್ಲಿ ನಡೆಯಿತು. ಡೇರೆಗಳ ಊರಿಗೆ ವಿಜಯನಗರವೆಂದು ಹೆಸರಿಟ್ಟರು. ನೀರಿಗಾಗಿ ತೋಡಿಸಿದ ಬಾವಿ ಇಂದಿಗೂ ಟಿಳಕವಾಡಿಯಲ್ಲಿ ಕಾಂಗ್ರೆಸ್ ಬಾವಿ ಎಂದೇ ಹೆಸರಾಗಿದೆ. ಕಾವಲು, ಊಟದ ಪಂಕ್ತಿ, ಶೌಚದ ವ್ಯವಸ್ಥೆಯವರೆಗೆ ಎಲ್ಲಕ್ಕೂ ಸ್ವಯಂಸೇವಕರೇ ನಿಂತರು. ಹರ್ಡೀಕರ್ ಅವರ ಮುಂದಾಳಾದರು. ಉಮಾಬಾಯಿ ಕುಂದಾಪುರ ಊರೂರು ತಿರುಗಿ ಹೆಣ್ಣುಮಕ್ಕಳ ದಳ ಕಟ್ಟಿದರು. ಅದರಲ್ಲಿ ವಿಧವೆಯರೂ ಇದ್ದರು. ಮನೆಯ ಹೊಸ್ತಿಲು ದಾಟುವುದೇ ಕಷ್ಟವಿದ್ದ ಕಾಲದಲ್ಲಿ ಅವರು ಅಧಿವೇಶನದ ಚಪ್ಪರದಡಿ ಜವಾಬ್ದಾರಿ ಹೊತ್ತರು.

ಇದೇ ಅಧಿವೇಶನ ಇನ್ನೊಂದು ಸುಧಾರಣೆಗೂ ಮುದ್ರೆ ಒತ್ತಿತು. ಸದಸ್ಯರಾಗಬೇಕಾದರೆ ತಿಂಗಳಿಗೆ 2,000 ಗಜ ನೂಲು ಕೊಡಬೇಕು ಎಂಬ ನಿಯಮ ಅದು. ವರ್ಷ ತುಂಬುವ ಮೊದಲೇ, 1925ರಲ್ಲಿ, ನಾಲ್ಕಾಣೆಯ ದಾರಿಯನ್ನು ಮತ್ತೆ ತೆರೆಯಬೇಕಾಯಿತು. ಗಾಂಧೀಜಿಯವರೇ ಬೆನ್ನಿಗಿದ್ದರೂ ಮೇಲಿನಿಂದ ಇಳಿದ ಆ ನಿಯಮ ನಿಲ್ಲಲಿಲ್ಲ. ಹುಬ್ಬಳ್ಳಿಯ ಓಣಿಯಿಂದ ಬೆಳೆದ ದಳ ಉಳಿಯಿತು. ಒಂದು ಸುಧಾರಣೆ ಸದಸ್ಯನಿಂದ ಲೆಕ್ಕ ಕೇಳಿತು, ಇನ್ನೊಂದು ಅವನಿಗೆ ಕೆಲಸ ಕಲಿಸಿತು.

ಗೆಲುವಿನ ಬೆಲೆ

1930ರ ಕಾನೂನುಭಂಗ ಚಳವಳಿಯಲ್ಲಿ ತರಬೇತಿಯ ಫಲ ಕಂಡಿತು. 1931ರಲ್ಲಿ ಕಾಂಗ್ರೆಸ್ ಕಾರ್ಯಸಮಿತಿ ಸೇವಾದಳವನ್ನು ಪಕ್ಷದ ಅಧಿಕೃತ ಸ್ವಯಂಸೇವಕ ಸಂಸ್ಥೆಯಾಗಿ ಒಪ್ಪಿಕೊಂಡಿತು. ಎಂಟು ವರ್ಷಗಳ ಹಿಂದೆ ಅನುಮಾನದಿಂದ ನೋಡಿದ ಪಕ್ಷವೇ ಈಗ ಅದನ್ನು ತನ್ನದೆಂದಿತು. ಆದರೆ ತನ್ನದೆಂದ ಕೂಡಲೇ ಲಗಾಮನ್ನೂ ಹಿಡಿಯಿತು. ಸ್ವಂತ ಬುದ್ಧಿಯಿಂದ ನಡೆಯುತ್ತಿದ್ದ ದಳ ಪಕ್ಷದ ಒಂದು ವಿಭಾಗವಾಯಿತು.

ಮರುವರ್ಷ ಸರ್ಕಾರ ಕಾಂಗ್ರೆಸ್ಸಿನ ಜೊತೆ ದಳವನ್ನೂ ನಿಷೇಧಿಸಿತು. 1934ರಲ್ಲಿ ಕಾಂಗ್ರೆಸ್ ಮೇಲಿನ ನಿಷೇಧ ಹೋಯಿತು, ಹಿಂದೂಸ್ತಾನಿ ಸೇವಾದಳದ ಮೇಲಿನದು ಹೋಗಲಿಲ್ಲ. ಭಾಷಣ ಮಾಡುವ ಪಕ್ಷಕ್ಕಿಂತ ಶಿಸ್ತಿನ ಪಡೆಗೆ ಬ್ರಿಟಿಷರು ಹೆಚ್ಚು ಅಂಜಿದ್ದರು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹರ್ಡೀಕರ್ 1952ರಿಂದ 1962ರವರೆಗೆ ರಾಜ್ಯಸಭೆಯಲ್ಲಿದ್ದರು. 1958ರಲ್ಲಿ ಪದ್ಮಭೂಷಣ ಬಂತು. 1975ರಲ್ಲಿ ತೀರಿಕೊಂಡರು. ಅವರು ಕಟ್ಟಿದ ದಳ ಕಾಂಗ್ರೆಸ್ಸಿನಲ್ಲಿ ಇಂದಿಗೂ ಇದೆ. ಪಕ್ಷಕ್ಕೆ ಹೊರತಾದ ಭಾರತ ಸೇವಾದಳ ಕರ್ನಾಟಕದ ಶಾಲೆಗಳಲ್ಲಿ ಮಕ್ಕಳಿಗೆ ಧ್ವಜ ಕಟ್ಟುವುದನ್ನೂ ಸಾಲಾಗಿ ನಿಲ್ಲುವುದನ್ನೂ ಕಲಿಸುತ್ತ ಬಂದಿದೆ.

ಒಳಗಿದ್ದು ಪಕ್ಷವನ್ನು ತಿದ್ದುವವರಿಗೆ ಈ ಕಥೆ ಎರಡು ಮಾತು ಹೇಳುತ್ತದೆ. ದೊಡ್ಡವರು ಒಪ್ಪದಿದ್ದರೂ ಕೆಲಸದಿಂದ ಅವರನ್ನು ಒಪ್ಪಿಸಬಹುದು. ಆದರೆ ಒಪ್ಪಿಸಿದ ದಿನ ಆ ಕೆಲಸ ನಮ್ಮ ಕೈಯಲ್ಲಿ ಉಳಿಯುವುದಿಲ್ಲ. ಇದು ಸಣ್ಣ ನಷ್ಟವೇನಲ್ಲ. ಪಕ್ಷ ಬಿಡುವವನು ತನ್ನ ಜಾಗವನ್ನು ಉಳಿಸಿಕೊಳ್ಳುತ್ತಾನೆ, ಒಳಗಿದ್ದು ತಿದ್ದುವವನು ಅದನ್ನು ಬಿಟ್ಟುಕೊಡಬೇಕಾಗುತ್ತದೆ. ಹರ್ಡೀಕರ್ ಬಿಟ್ಟುಕೊಟ್ಟರು. ಗೋಕಾಕದಿಂದಲೂ ಹುಕ್ಕೇರಿಯಿಂದಲೂ ಘಟಪ್ರಭಾದ ಆಸ್ಪತ್ರೆಗೆ ಬರುವ ರೋಗಿಗಳಲ್ಲಿ ಅವರ ಹೆಸರು ಬಲ್ಲವರು ಎಷ್ಟೋ. ಆದರೆ ಅವರು ನೆಟ್ಟ ಮರದ ನೆರಳು ಆ ರೋಗಿಗಳಿಗೆ ಇಂದಿಗೂ ಸಿಗುತ್ತಿದೆ.