ಠಾಣೆಯ ದಫ್ತರದೊಳಗಿನ ಜಾತಿ

ನಮ್ಮ ಎಷ್ಟೋ ಅಲೆಮಾರಿ ಜನರ ಹೆಸರು ಶಾಲೆಯ ಹಾಜರಿ ಪುಸ್ತಕಕ್ಕೆ ಬರುವ ಮೊದಲೇ ಪೊಲೀಸರ ರಿಜಿಸ್ಟರಿಗೆ ಬಂದಿತ್ತು. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. ಕದ್ದವನು ಕಳ್ಳ ಅನ್ನೋ ನ್ಯಾಯ ಅದರಲ್ಲಿರಲಿಲ್ಲ. ಇಂಥ ಜಾತಿಯಲ್ಲಿ ಹುಟ್ಟಿದವನೇ ಕಳ್ಳ. ಹೆಸರು ಬರೆಸಬೇಕು, ಹಾಜರಿ ಕೊಡಬೇಕು, ಹೊರಗೆ ಹೋಗಬೇಕಾದರೆ ಪಾಸು ಪಡೆಯಬೇಕು. 1911ರಲ್ಲಿ ಈ ಕಾಯ್ದೆ ಇಡೀ ಬ್ರಿಟಿಷ್ ಇಂಡಿಯಾಕ್ಕೆ ಹಬ್ಬಿತು. ಬೆರಳಚ್ಚೂ ದಫ್ತರ ಸೇರಿತು. ಆಗ ಮುಂಬೈ ಪ್ರಾಂತ್ಯದಲ್ಲಿದ್ದ ಹುಬ್ಬಳ್ಳಿ, ಗದಗ, ವಿಜಾಪುರಗಳಲ್ಲಿ ಈ ಜನರನ್ನು ಕೂಡಿಹಾಕಲು ಸೆಟ್ಲ್‌ಮೆಂಟುಗಳೆದ್ದವು. ಹುಬ್ಬಳ್ಳಿಯಲ್ಲಿ ಆ ಜಾಗಕ್ಕೆ ಇವತ್ತಿಗೂ ಸೆಟ್ಲ್‌ಮೆಂಟ್ ಅಂತಲೇ ಹೆಸರು.

1952ರ ಆಗಸ್ಟ್ 31ರಂದು ಕಾಯ್ದೆ ರದ್ದಾಯ್ತು. ಕಾಯ್ದೆ ಸತ್ತರೆ ದಫ್ತರ ಸಾಯುತ್ತದೆಯೆ? ರಾಜ್ಯಗಳು ರೂಢಿಗತ ಅಪರಾಧಿಗಳ ಕಾಯ್ದೆ ಅಂತ ಬೇರೆ ಹೆಸರಿನಲ್ಲಿ ಮಾಡಿಕೊಂಡವು. ನಮ್ಮ ಮೈಸೂರು ರಾಜ್ಯ 1961ರಲ್ಲಿ ಮಾಡಿತು. ಠಾಣೆಗಳಲ್ಲಿ ಹಿಸ್ಟರಿ ಶೀಟುಗಳಂತೂ ಇದ್ದೇ ಇದ್ದವು.

ಉತ್ತರ ಪ್ರದೇಶದ ಖರಕ್ ಸಿಂಗನ ಕತೆ ನೋಡಿ. 1941ರ ಒಂದು ದರೋಡೆ ಕೇಸಿನಲ್ಲಿ ಅವನನ್ನು ಹಿಡಿದರು, ಸಾಕ್ಷ್ಯವಿಲ್ಲದೆ ಬಿಟ್ಟರು. ಅವನನ್ನು ಬಿಟ್ಟರೂ ಅವನ ಹೆಸರನ್ನು ಬಿಡಲಿಲ್ಲ. ಶೀಟು ತೆರೆದು ರಾತ್ರಿ ಹೊತ್ತು ಮನೆ ಬಾಗಿಲು ಬಡಿದರು. 1962ರಲ್ಲಿ ಸುಪ್ರೀಂ ಕೋರ್ಟು ರಾತ್ರಿ ಮನೆಗೆ ಬರುವುದು ತಪ್ಪೆಂದಿತು. ಓಡಾಟದ ಮೇಲೆ ಕಣ್ಣಿಡುವುದನ್ನೂ ಬರೆದಿಡುವುದನ್ನೂ ಮಾತ್ರ ಹಾಗೇ ಬಿಟ್ಟಿತು. ಖಾಸಗಿತನ ಮೂಲಭೂತ ಹಕ್ಕು ಅಂತ ಅದೇ ಕೋರ್ಟು ಹೇಳಲು 2017 ಬರಬೇಕಾಯಿತು. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಸರ್ಕಾರದ ದುಡ್ಡಿಗೆ ಆಡಿಟ್ ಇದೆ. ಬಿಸಿಯೂಟದ ಅಕ್ಕಿ ಮೂಟೆಗೂ ಲೆಕ್ಕ ಕೇಳುವವರಿದ್ದಾರೆ. ಠಾಣೆಯಲ್ಲಿ ಬರೆದಿಟ್ಟ ಮನುಷ್ಯನ ಹೆಸರಿಗೆ ಲೆಕ್ಕ ಕೇಳುವವರು ಯಾರು? 2024ರ ಮೇ 7ರಂದು ಸುಪ್ರೀಂ ಕೋರ್ಟು ದೆಹಲಿ ಪೊಲೀಸರಿಗೆ ಹೀಗೆ ಹೇಳಿತು: ಜಂಟಿ ಕಮಿಷನರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯೊಬ್ಬರು ಹಿಸ್ಟರಿ ಶೀಟುಗಳನ್ನು ಆಗಾಗ ಪರಿಶೀಲಿಸಬೇಕು, ನಿರಪರಾಧಿಗಳ ಹೆಸರು ತೆಗೆಯಲು ಅವಕಾಶವಿರಬೇಕು. ದಲಿತ, ಆದಿವಾಸಿ, ಹಿಂದುಳಿದವರ ಮೇಲೆ ಬರೀ ಜಾತಿ ನೋಡಿ ಶೀಟು ತೆರೆಯುವುದನ್ನೂ ಅದು ಎತ್ತಿ ಆಡಿತು. ಬೇರೆ ರಾಜ್ಯಗಳೂ ಇದನ್ನು ಯೋಚಿಸಲಿ ಅಂದಿತು. ಅದೇ ವರ್ಷದ ಅಕ್ಟೋಬರ್ 3ರಂದು ಜೈಲು ರಿಜಿಸ್ಟರುಗಳ ಜಾತಿ ಕಾಲಂ ಅಳಿಸಲು ಆದೇಶಿಸಿತು.

ಹಿಸ್ಟರಿ ಶೀಟು ಪೊಲೀಸರ ಒಳಗಿನ ಕಾಗದ. ಬರೆಸಿಕೊಂಡವನಿಗೇ ಅದು ಕಾಣುವುದಿಲ್ಲ. ಬರೆಯುವವರೂ ತಪಾಸಣೆ ಮಾಡುವವರೂ ಒಂದೇ ಖಾಕಿಯವರು. ಹಾಗಾಗಿ ಗೆಳೆಯರೆ, ಮೇಷ್ಟ್ರುಗಳೆ, ಕೇಳುವ ಕೆಲಸ ನಮ್ಮದೂ ಹೌದು. ಈ ಹೆಸರನ್ನು ಬರೆದವರು ಯಾರು? ಯಾವ ಸಾಕ್ಷ್ಯದ ಮೇಲೆ? ಅಳಿಸುವುದು ಯಾವತ್ತು? ಅಕ್ಷರ ಕಲಿತ ನಾವು ಇಷ್ಟನ್ನಾದರೂ ಅರ್ಜಿ ಬರೆದು ಕೇಳೋಣ.