ಫ್ರಾಗ್ ಮತ್ತು ಟೋಡ್

ಫ್ರಾಗ್ ಮತ್ತು ಟೋಡ್: ಅಮೆರಿಕದ ಲೇಖಕ, ಚಿತ್ರಕಾರ ಆರ್ನಲ್ಡ್ ಲೋಬೆಲ್ (1933-87) ಬರೆದು ಚಿತ್ರಿಸಿದ ಮಕ್ಕಳ ಕಥಾಮಾಲೆ, ಅದರ ಇಬ್ಬರು ನಾಯಕರ ಹೆಸರೂ ಇದೇ. ಫ್ರಾಗ್ ಒಂದು ಕಪ್ಪೆ, ಟೋಡ್ ಒಂದು ನೆಲಗಪ್ಪೆ. ಕೋಟು, ಷರಾಯಿ ತೊಟ್ಟು ಬೇರೆ ಬೇರೆ ಮನೆಗಳಲ್ಲಿ ಒಂಟಿಯಾಗಿ ವಾಸಿಸುವ ಈ ಇಬ್ಬರು ಜೀವದ ಗೆಳೆಯರು. 1970ರಿಂದ 1979ರವರೆಗೆ ನಾಲ್ಕು ಪುಸ್ತಕಗಳು ಬಂದವು. ಒಂದೊಂದರಲ್ಲೂ ಐದು ಕಥೆಗಳಿದ್ದು ಒಟ್ಟು ಸಂಖ್ಯೆ 20. ಓದಲು ಆಗತಾನೆ ಕಲಿಯುತ್ತಿರುವ ಮಕ್ಕಳಿಗೆಂದು ಚಿಕ್ಕ ವಾಕ್ಯಗಳಲ್ಲಿ ಬರೆದ ಈ ಕಥೆಗಳು ತಮ್ಮ ಮೃದು ಹಾಸ್ಯಕ್ಕೂ ನೀತಿಬೋಧನೆಯ ಹಂಗಿಲ್ಲದ ಸ್ನೇಹಚಿತ್ರಣಕ್ಕೂ ಹೆಸರಾಗಿವೆ. ಇಂಗ್ಲಿಷ್ ಬಾಲಸಾಹಿತ್ಯದಲ್ಲಿ ಇವು ಈಗ ಅಭಿಜಾತ ಕೃತಿಗಳ ಸಾಲಿಗೆ ಸೇರಿವೆ.

ಲೇಖಕ

ಲೋಬೆಲ್ ಹುಟ್ಟಿದ್ದು 1933ರ ಮೇ 22ರಂದು, ಲಾಸ್ ಏಂಜಲಿಸ್‌ನಲ್ಲಿ. ಬೆಳೆದದ್ದು ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿ ಪಟ್ಟಣದಲ್ಲಿ, ಅಜ್ಜ ಅಜ್ಜಿಯರ ಮನೆಯಲ್ಲಿ. ಎರಡನೆಯ ತರಗತಿಯ ಬಹುಭಾಗವನ್ನು ಕಾಯಿಲೆಯಲ್ಲಿ ಕಳೆದ ಹುಡುಗ ಶಾಲೆಗೆ ಮರಳಿದಾಗ, ಪ್ರಾಣಿಗಳ ಚಿತ್ರ ಬರೆದೂ ಕಥೆ ಹೇಳಿಯೂ ಸಹಪಾಠಿಗಳ ಸ್ನೇಹ ಗಳಿಸಿಕೊಂಡ. ಮುಂದೆ ಬ್ರೂಕ್ಲಿನ್‌ನ ಪ್ರ್ಯಾಟ್ ಇನ್‌ಸ್ಟಿಟ್ಯೂಟ್‌ನಲ್ಲಿ ಚಿತ್ರಕಲೆ ಓದಿ 1955ರಲ್ಲಿ ಪದವಿ ಪಡೆದರು. ಅಲ್ಲಿ ಅವರು ನಿರ್ದೇಶಿಸಿದ ನಾಟಕವೊಂದರಲ್ಲಿ ಪಾತ್ರ ವಹಿಸಿದ್ದ ಅನೀಟಾ ಕೆಂಪ್ಲರ್ ಅವರನ್ನು ಅದೇ ವರ್ಷ ಮದುವೆಯಾದರು. ಪೋಲೆಂಡಿನ ಕ್ರಕೌ ನಗರದಲ್ಲಿ ಹುಟ್ಟಿ, ನಾಜಿಗಳ ಸೆರೆಶಿಬಿರದಿಂದ ಬದುಕಿ ಬಂದ ಅನೀಟಾ ಮುಂದೆ ತಾವೂ ಹೆಸರಾಂತ ಚಿತ್ರಕಾರರಾದರು. ಇವರಿಗೆ ಏಡ್ರಿಯನ್ ಎಂಬ ಮಗಳು, ಆಡಮ್ ಎಂಬ ಮಗ.

ಜಾಹೀರಾತು ಕ್ಷೇತ್ರದಲ್ಲಿ ಕೆಲವು ಕಾಲ ದುಡಿದ ಲೋಬೆಲ್ 1960ರ ದಶಕದ ಆರಂಭದಲ್ಲಿ ಹಾರ್ಪರ್ ಪ್ರಕಾಶನಕ್ಕೆ ಚಿತ್ರ ಬರೆಯತೊಡಗಿದರು. ಬರೆಹ, ಚಿತ್ರ ಎರಡೂ ಅವರದೇ ಆದ ಮೊದಲ ಪುಸ್ತಕ ‘ಎ ಜೂ ಫಾರ್ ಮಿಸ್ಟರ್ ಮಸ್ಟರ್’ 1962ರಲ್ಲಿ ಬಂತು. ತಮ್ಮವೂ ಇತರರವೂ ಸೇರಿ ಅವರು ಚಿತ್ರ ಬರೆದ ಪುಸ್ತಕಗಳು ನೂರರ ಸಮೀಪ. ‘ಮೌಸ್ ಟೇಲ್ಸ್’ (1972), ‘ಔಲ್ ಅಟ್ ಹೋಮ್’ (1975), ‘ಮೌಸ್ ಸೂಪ್’ (1977), ‘ಅಂಕಲ್ ಎಲಿಫೆಂಟ್’ (1981) ಇವುಗಳಲ್ಲಿ ಮುಖ್ಯವಾದವು. 1987ರ ಡಿಸೆಂಬರ್ 4ರಂದು ನ್ಯೂಯಾರ್ಕ್‌ನಲ್ಲಿ ಏಡ್ಸ್ ಸಂಬಂಧಿತ ಕಾಯಿಲೆಯಿಂದ ತೀರಿಕೊಂಡಾಗ ಅವರಿಗೆ 54 ವರ್ಷ.

ಹಿನ್ನೆಲೆ

1950ರ ದಶಕದ ಮಧ್ಯದವರೆಗೆ ಅಮೆರಿಕದ ಮಕ್ಕಳು ಓದು ಕಲಿಯುತ್ತಿದ್ದುದು ಒಂದೇ ಮಾತನ್ನು ತಿರುಗಿಸಿ ತಿರುಗಿಸಿ ಹೇಳುವ, ಕಥೆಯೆಂಬುದೇ ಇಲ್ಲದ ಪಾಠಪುಸ್ತಕಗಳಿಂದ. ಇವು ನೀರಸವಾದ್ದರಿಂದಲೇ ಮಕ್ಕಳಿಗೆ ಓದಿನ ರುಚಿ ಹತ್ತುತ್ತಿಲ್ಲ ಎಂದು ಕಾದಂಬರಿಕಾರ ಜಾನ್ ಹರ್ಸಿ 1954ರಲ್ಲಿ ‘ಲೈಫ್’ ಪತ್ರಿಕೆಯಲ್ಲಿ ಬರೆದ ಲೇಖನ ದೊಡ್ಡ ಚರ್ಚೆ ಎಬ್ಬಿಸಿತು. 1957ರಲ್ಲಿ ಇದಕ್ಕೆ ಎರಡು ಉತ್ತರಗಳು ಬಂದವು. ಒಂದು, ಡಾ. ಸ್ಯೂಸ್ ಅವರ ‘ದ ಕ್ಯಾಟ್ ಇನ್ ದ ಹ್ಯಾಟ್’. ಇನ್ನೊಂದು, ಎಲ್ಸ್ ಹೋಮೆಲುಂಡ್ ಮಿನರಿಕ್ ಬರೆದು ಮಾರಿಸ್ ಸೆಂಡಾಕ್ ಚಿತ್ರಿಸಿದ ‘ಲಿಟಲ್ ಬೇರ್’. ಎರಡನೆಯದರಿಂದ ಹಾರ್ಪರ್ ಪ್ರಕಾಶನದ ‘ಐ ಕ್ಯಾನ್ ರೀಡ್’ ಮಾಲೆ ಶುರುವಾಯಿತು. ಮಗು ದೊಡ್ಡವರ ನೆರವಿಲ್ಲದೆ ತಾನೇ ಓದಿ ಮುಗಿಸಬಹುದಾದ ಕಥೆಪುಸ್ತಕ ಎಂಬುದು ಈ ಮಾಲೆಯ ಕಲ್ಪನೆ. ಫ್ರಾಗ್ ಮತ್ತು ಟೋಡ್ ಪುಸ್ತಕಗಳು ಪ್ರಕಟವಾದದ್ದು ಇದರಲ್ಲೇ.

ಲೋಬೆಲ್ ಕುಟುಂಬ ಬೇಸಗೆ ಕಳೆಯುತ್ತಿದ್ದ ವರ್ಮಾಂಟ್ ರಾಜ್ಯದಲ್ಲಿ ಮಕ್ಕಳು ಕಪ್ಪೆ, ನೆಲಗಪ್ಪೆಗಳನ್ನು ಹಿಡಿದು ತಂದು ಆಡುತ್ತಿದ್ದರು. ಪಾತ್ರಗಳ ಬೀಜ ಇಲ್ಲಿಯದು. ಇದಕ್ಕೆ ಮೊದಲು ಲೋಬೆಲ್ ಹೊರಗಿನಿಂದ ಮಕ್ಕಳಿಗೆ ಏನು ಹಿಡಿಸೀತೆಂದು ಯೋಚಿಸಿ ಬರೆಯುತ್ತಿದ್ದರು. ಈ ಕಥೆಗಳಲ್ಲಿ ತಮ್ಮದೇ ಅಳುಕು, ಆಸೆ, ಸೋಮಾರಿತನಗಳನ್ನು ಮುಚ್ಚುಮರೆಯಿಲ್ಲದೆ ಬಳಸಿಕೊಂಡರು. ಫ್ರಾಗ್, ಟೋಡ್ ಇಬ್ಬರೂ ತಮ್ಮ ಸ್ವಭಾವದ ಎರಡು ಮುಖಗಳೆಂದು ಅವರು ಹೇಳಿಕೊಂಡದ್ದುಂಟು.

ಪಾತ್ರಗಳು

ಫ್ರಾಗ್ ಎತ್ತರದ, ತೆಳು ಮೈಯ, ಹಸಿರು ಬಣ್ಣದ ಜೀವಿ. ನಿಧಾನಸ್ಥ, ಉತ್ಸಾಹಿ, ಸಮಾಧಾನದವನು. ಟೋಡ್ ಗಿಡ್ಡ, ದಪ್ಪ, ಕಂದು ಬಣ್ಣದವನು. ಕೊರಗುವವನು, ಹಟಮಾರಿ, ಚಿಕ್ಕದಕ್ಕೂ ಗಾಬರಿಯಾಗುವವನು, ಹಾಸಿಗೆ ಬಿಟ್ಟು ಏಳಲು ಮನಸ್ಸಿಲ್ಲದವನು. ಇವರಿಗೆ ತಂದೆತಾಯಿಯರಿಲ್ಲ, ಶಾಲೆಯಿಲ್ಲ, ಉದ್ಯೋಗವಿಲ್ಲ. ದೊಡ್ಡವರಂತೆ ಸ್ವಂತ ಮನೆ ನಡೆಸುತ್ತಾರೆ, ಅಡುಗೆ ಮಾಡುತ್ತಾರೆ, ತೋಟ ನೋಡಿಕೊಳ್ಳುತ್ತಾರೆ. ಮಕ್ಕಳಂತೆ ಹೆದರುತ್ತಾರೆ, ಮುನಿಯುತ್ತಾರೆ, ಬಿಸ್ಕತ್ತಿನ ಮುಂದೆ ಸೋಲುತ್ತಾರೆ. ವಯಸ್ಸು ಎಷ್ಟೆಂದು ಹೇಳಲಾಗದ ಈ ಸ್ಥಿತಿ ಕಥೆಗಳ ಮುಖ್ಯ ಅನುಕೂಲ: ಓದುವ ಮಗುವಿಗೆ ಇವರು ತನ್ನಂತೆಯೂ ತನ್ನ ಮನೆಯ ಹಿರಿಯರಂತೆಯೂ ಕಾಣುತ್ತಾರೆ.

ಸುತ್ತಲಿನ ಪ್ರಾಣಿಗಳು ಕಥೆಗೆ ಬೇಕಾದಷ್ಟೇ ಬಂದು ಹೋಗುತ್ತವೆ. ಬಸವನಹುಳು ಅಂಚೆ ಮುಟ್ಟಿಸುತ್ತದೆ, ಆಮೆ ದೋಣಿಯಾಗುತ್ತದೆ, ಹಕ್ಕಿಗಳು ಗಾಳಿಪಟ ಹಾರದ್ದನ್ನು ನೋಡಿ ಹಂಗಿಸುತ್ತವೆ. ಹಾವು ಒಂದು ಕಥೆಯಲ್ಲಿ ಹೊಳೆದಂಡೆಯ ಪ್ರೇಕ್ಷಕ, ಇನ್ನೊಂದರಲ್ಲಿ ನುಂಗಬಂದ ಶತ್ರು. ಪ್ರಕೃತಿಯ ಭಯಗಳನ್ನು ಲೋಬೆಲ್ ಪೂರ್ತಿ ಅಳಿಸುವುದಿಲ್ಲ.

ಪುಸ್ತಕಗಳು

‘ಫ್ರಾಗ್ ಅಂಡ್ ಟೋಡ್ ಆರ್ ಫ್ರೆಂಡ್ಸ್’ (1970): ಮೊದಲ ಕಥೆಯಲ್ಲಿ ನವೆಂಬರಿನಿಂದ ಮಲಗಿರುವ ಟೋಡ್ ಏಪ್ರಿಲ್ ಬಂದರೂ ಏಳಲೊಲ್ಲ, ಮೇ ಅರ್ಧ ಕಳೆದ ಮೇಲೆ ಎಬ್ಬಿಸು ಎನ್ನುತ್ತಾನೆ. ಫ್ರಾಗ್ ಕ್ಯಾಲೆಂಡರಿನ ಹಾಳೆಗಳನ್ನು ಹರಿದು ಮೇ ತಿಂಗಳನ್ನು ತೋರಿಸಿ ಕೆಲಸ ಸಾಧಿಸುತ್ತಾನೆ. ಇನ್ನೊಂದರಲ್ಲಿ ಟೋಡ್ ತನ್ನ ಕೋಟಿನ ಗುಂಡಿ ಕಳೆದುಹೋಯಿತೆಂದು ಊರೆಲ್ಲ ಹುಡುಕಿಸಿ, ಸಿಕ್ಕ ಗುಂಡಿಗಳಿಗೆಲ್ಲ ಸಿಡುಕಿ, ಕೊನೆಗೆ ಅದನ್ನು ತನ್ನ ಮನೆಯ ನೆಲದ ಮೇಲೆ ಕಾಣುತ್ತಾನೆ. ಪಶ್ಚಾತ್ತಾಪಕ್ಕೆ ಸಿಕ್ಕ ಗುಂಡಿಗಳನ್ನೆಲ್ಲ ಕೋಟಿಗೆ ಹೊಲಿದು ಗೆಳೆಯನಿಗೇ ಉಡುಗೊರೆ ಕೊಡುತ್ತಾನೆ. ಪುಸ್ತಕದ ಕೊನೆಯ ಕಥೆ ಕಾಗದದ್ದು. ತನಗೆ ಯಾರೂ ಕಾಗದ ಬರೆಯುವುದಿಲ್ಲವೆಂದು ಕೊರಗುವ ಟೋಡನಿಗೆ ಫ್ರಾಗ್ ಗುಟ್ಟಾಗಿ ಒಂದು ಬರೆದು ಬಸವನಹುಳುವಿನ ಕೈಗೆ ಕೊಡುತ್ತಾನೆ. ಅದು ತಲುಪಲು ನಾಲ್ಕು ದಿನ. ಅಷ್ಟರಲ್ಲಿ ಫ್ರಾಗ್ ಬಾಯಿಬಿಟ್ಟು ಕಾಗದದ ಒಕ್ಕಣೆಯನ್ನೆಲ್ಲ ಹೇಳಿಬಿಟ್ಟಿರುತ್ತಾನೆ. ಆದರೂ ಇಬ್ಬರೂ ಜಗುಲಿಯಲ್ಲಿ ಕೂತು ಅದಕ್ಕಾಗಿ ಕಾಯುತ್ತಾರೆ. ಸುದ್ದಿ ಗೊತ್ತಾದ ಮೇಲೂ ಕಾಯುವುದರಲ್ಲಿ ಸುಖವಿದೆಯೆಂಬುದನ್ನು ಕಥೆ ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ.

‘ಫ್ರಾಗ್ ಅಂಡ್ ಟೋಡ್ ಟುಗೆದರ್’ (1972): ನಾಲ್ಕರಲ್ಲಿ ಹೆಚ್ಚು ಚರ್ಚೆಗೊಳಗಾದದ್ದು ಇದೇ. ಟೋಡ್ ಅಂದಿನ ಕೆಲಸಗಳ ಪಟ್ಟಿ ಮಾಡುತ್ತಾನೆ. ಗಾಳಿಗೆ ಪಟ್ಟಿ ಹಾರಿಹೋದಾಗ ಅದರ ಬೆನ್ನು ಹತ್ತಲಾರ, ಏಕೆಂದರೆ ಓಡುವುದು ಪಟ್ಟಿಯಲ್ಲಿ ಇರಲಿಲ್ಲ. ಬೀಜ ಬಿತ್ತಿದವನು ಅವು ಕೂಡಲೇ ಮೊಳೆಯಲಿಲ್ಲವೆಂದು ಕಿರುಚುತ್ತಾನೆ; ಹೆದರಿರಬಹುದೆಂದು ಆಮೇಲೆ ಅವಕ್ಕೆ ಕಥೆ ಓದಿ, ಹಾಡು ಹೇಳಿ, ಪಿಟೀಲು ನುಡಿಸಿ ದಣಿಯುತ್ತಾನೆ. ‘ಬಿಸ್ಕತ್ತು’ ಕಥೆಯಲ್ಲಿ ತಿನ್ನುವುದನ್ನು ನಿಲ್ಲಿಸಲಾಗದ ಗೆಳೆಯರು ಅವನ್ನು ಪೆಟ್ಟಿಗೆಗೆ ಹಾಕಿ, ದಾರ ಕಟ್ಟಿ, ಎತ್ತರದ ಕಪಾಟಿನ ಮೇಲಿಡುತ್ತಾರೆ. ಪೆಟ್ಟಿಗೆ ಬಿಚ್ಚಬಹುದು, ದಾರ ಕತ್ತರಿಸಬಹುದು, ಏಣಿ ಹಾಕಬಹುದು ಎಂದು ಪ್ರತಿಸಲವೂ ಟೋಡ್ ನೆನಪಿಸುತ್ತಾನೆ. ಕೊನೆಗೆ ಫ್ರಾಗ್ ಎಲ್ಲವನ್ನೂ ಹಕ್ಕಿಗಳಿಗೆ ಹಾಕಿ ಮನೋಬಲ ಉಳಿಯಿತೆಂದು ಸಮಾಧಾನಪಟ್ಟರೆ, ಟೋಡ್ ಕೇಕು ಮಾಡಲು ಮನೆಗೆ ಹೊರಡುತ್ತಾನೆ.

‘ಫ್ರಾಗ್ ಅಂಡ್ ಟೋಡ್ ಆಲ್ ಇಯರ್’ (1976): ಚಳಿಗಾಲದ ಜಾರುಬಂಡಿಯಿಂದ ಕ್ರಿಸ್‌ಮಸ್ ಹಿಂದಿನ ರಾತ್ರಿಯವರೆಗೆ ಋತುಚಕ್ರವನ್ನು ಹಿಂಬಾಲಿಸುವ ಪುಸ್ತಕ. ಅಕ್ಟೋಬರಿನ ಕಥೆಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ತಿಳಿಯದಂತೆ ಇನ್ನೊಬ್ಬರ ಅಂಗಳದ ಒಣ ಎಲೆಗಳನ್ನು ಗುಡಿಸಿ ಗುಡ್ಡೆ ಹಾಕಿ ಬರುತ್ತಾರೆ. ಗಾಳಿ ಬೀಸಿ ಎರಡೂ ಗುಡ್ಡೆಗಳು ಚದುರಿಹೋಗುತ್ತವೆ. ಗೆಳೆಯನಿಗೆ ಎಷ್ಟು ಅಚ್ಚರಿಯಾಗಿರಬೇಕೆಂದು ನೆನೆಯುತ್ತ ಇಬ್ಬರೂ ನೆಮ್ಮದಿಯಾಗಿ ಮಲಗುತ್ತಾರೆ.

‘ಡೇಸ್ ವಿತ್ ಫ್ರಾಗ್ ಅಂಡ್ ಟೋಡ್’ (1979): ಕೆಲಸ ನಾಳೆಗೆ ಮುಂದೂಡುವುದು, ಗಾಳಿಪಟ, ದೆವ್ವದ ಕಥೆ, ಅಳತೆಗೆ ದೊಡ್ಡದಾದ ಟೋಪಿ ಇದರ ವಸ್ತುಗಳು. ಮಾಲೆಯ ಕೊನೆಯ ಕಥೆಯಲ್ಲಿ ಫ್ರಾಗ್ ಒಂಟಿಯಾಗಿರಬೇಕೆಂದು ಚೀಟಿ ಬರೆದಿಟ್ಟು ನಡುಗಡ್ಡೆಗೆ ಹೋಗಿ ಕೂರುತ್ತಾನೆ. ತನ್ನ ಮೇಲೆ ಮುನಿಸಿರಬೇಕೆಂದು ಕಳವಳಗೊಂಡ ಟೋಡ್ ಬುತ್ತಿ ಕಟ್ಟಿಕೊಂಡು ಆಮೆಯ ಬೆನ್ನೇರಿ ಹೋಗಿ ನೀರಿಗೆ ಬೀಳುತ್ತಾನೆ. ಫ್ರಾಗ್ ಬೇಸರದಿಂದ ಬಂದಿರಲಿಲ್ಲ. ಗೆಳೆಯನಿರುವುದೂ ಸೇರಿ ತನಗೆ ಎಲ್ಲ ಎಷ್ಟು ಚೆನ್ನಾಗಿದೆಯೆಂದು ಯೋಚಿಸಲು ಬಂದಿದ್ದ. ಹತ್ತಿರವಿರುವುದಕ್ಕೂ ಮೈಗಂಟಿಕೊಂಡಿರುವುದಕ್ಕೂ ಇರುವ ಅಂತರವನ್ನು ಆರು ವರ್ಷದ ಓದುಗನಿಗೆ ತಿಳಿಯುವಂತೆ ಹೇಳಿದ ಕಥೆ ಇದು.

ಕಥನ ಮತ್ತು ಹಾಸ್ಯ

ಪಂಚತಂತ್ರ, ಈಸೋಪನ ಕಥೆಗಳಲ್ಲಿ ಪ್ರಾಣಿಗಳ ಸ್ನೇಹಕ್ಕೆ ಒಂದು ಪ್ರಯೋಜನವಿರುತ್ತದೆ: ಬಲೆಯಿಂದ ಬಿಡಿಸುವುದು, ಶತ್ರುವಿನಿಂದ ಕಾಪಾಡುವುದು, ಕೊನೆಗೆ ನೀತಿಯೊಂದನ್ನು ನಿಲ್ಲಿಸುವುದು. ಲೋಬೆಲ್ ಕಥೆಗಳಲ್ಲಿ ಗೆಳೆತನದಿಂದ ಏನೂ ಸಾಧಿಸಬೇಕಿಲ್ಲ. ಟೋಡ್ ಯಾವ ಕಥೆಯ ಕೊನೆಗೂ ತಿದ್ದಿಕೊಂಡವನಾಗುವುದಿಲ್ಲ. ಮುಂದಿನ ಕಥೆಯಲ್ಲಿ ಮತ್ತೆ ಮೊದಲಿನಂತೆಯೇ ಇರುತ್ತಾನೆ. ಅವನನ್ನು ತಿದ್ದುವುದು ಫ್ರಾಗನ ಉದ್ದೇಶವೂ ಅಲ್ಲ.

ನಗು ಹುಟ್ಟುವುದು ಹೆಚ್ಚಾಗಿ ತರ್ಕವನ್ನು ಅಕ್ಷರಶಃ ಪಾಲಿಸುವುದರಿಂದ, ಇಲ್ಲವೆ ಓದುಗನಿಗೆ ಗೊತ್ತಿರುವುದು ಪಾತ್ರಕ್ಕೆ ಗೊತ್ತಿಲ್ಲದ್ದರಿಂದ. ಬೀಜ ಮೊಳೆಯಲು ಹೊತ್ತು ಬೇಕೆಂದು ಮಗು ತಾನೇ ಇತ್ತೀಚೆಗೆ ಕಲಿತಿರುತ್ತದೆ. ಟೋಡನಿಗಿಂತ ತಾನು ಒಂದು ಮೆಟ್ಟಿಲು ಮೇಲಿದ್ದೇನೆಂಬ ಹೆಮ್ಮೆ ಅದರ ನಗುವಿನಲ್ಲಿದೆ. ಆದರೂ ನಗು ಅವಮಾನವಾಗುವುದಿಲ್ಲ. ‘ಈಜು’ ಕಥೆ ಇದರ ಗಡಿಯನ್ನೇ ಪರೀಕ್ಷಿಸುತ್ತದೆ: ಈಜುಡುಗೆಯಲ್ಲಿ ತಾನು ವಿಚಿತ್ರವಾಗಿ ಕಾಣುವೆನೆಂದು ನಾಚುವ ಟೋಡನನ್ನು ನೋಡಿ ನೆರೆದ ಪ್ರಾಣಿಗಳೆಲ್ಲ ನಗುತ್ತವೆ, ಫ್ರಾಗ್ ಕೂಡ ನಗುತ್ತಾನೆ. ಟೋಡ್ ಬಟ್ಟೆ ಎತ್ತಿಕೊಂಡು ಮನೆಗೆ ಹೋಗುತ್ತಾನೆ, ಅಷ್ಟೆ. ಕ್ಷಮೆ ಕೇಳಿಸುವ, ಸಾಂತ್ವನ ಹೇಳಿಸುವ ಗೋಜಿಗೆ ಲೇಖಕ ಹೋಗುವುದಿಲ್ಲ.

ಭಾಷೆ ಚಿಕ್ಕ ಚಿಕ್ಕ ವಾಕ್ಯಗಳದು, ಪುನರುಕ್ತಿಯಿಂದ ಕೂಡಿದ್ದು. ಓದು ಕಲಿಯುವವರಿಗೆ ಪುನರುಕ್ತಿ ಅಗತ್ಯ. ಲೋಬೆಲ್ ಆ ಅಗತ್ಯವನ್ನೇ ಹಾಸ್ಯದ ತಾಳವಾಗಿ ಬಳಸಿದ್ದಾರೆ. ಗುಂಡಿ ಹುಡುಕುವಾಗ ಸಿಕ್ಕಿದ್ದೆಲ್ಲ ತನ್ನದಲ್ಲವೆಂದು ಟೋಡ್ ಸಿಡುಕುವುದು, ಬಿಸ್ಕತ್ತಿನ ಪೆಟ್ಟಿಗೆ ಬಿಚ್ಚಬಹುದೆಂದು ಮತ್ತೆ ಮತ್ತೆ ನೆನಪಿಸುವುದು, ಎರಡರಲ್ಲೂ ಒಂದೇ ಮಾತು ಮರಳಿ ಬಂದಷ್ಟೂ ನಗು ಏರುತ್ತದೆ.

ಚಿತ್ರಗಳು

ಚಿತ್ರಗಳು ಹಸಿರು, ಕಂದು ಛಾಯೆಗಳಲ್ಲೇ ಇವೆ. ಕೆಲವೇ ಬಣ್ಣಗಳಲ್ಲಿ ಮುದ್ರಿಸುವ ಅಂದಿನ ಪದ್ಧತಿ ಇದಕ್ಕೆ ಒಂದು ಕಾರಣ. ಮಣ್ಣು, ಪಾಚಿ, ಒಣ ಎಲೆಗಳ ಲೋಕಕ್ಕೆ ಅದು ಹೊಂದಿಯೂ ಹೊಂದಿತು. ಮೃದುವಾದ ಸಣ್ಣ ಗೆರೆಗಳಲ್ಲಿ ಬರೆದ ಪಾತ್ರಗಳು ಮಾತಿಗಿಂತ ನಿಲುವಿನಿಂದ ಭಾವ ತೋರುತ್ತವೆ: ಕುಗ್ಗಿದ ಭುಜ, ಮುಖದವರೆಗೆ ಎಳೆದುಕೊಂಡ ಹೊದಿಕೆ, ಪಕ್ಕಪಕ್ಕ ಕೂತ ಎರಡು ಬೆನ್ನುಗಳು. ನಾಟಕ ಆಡಿಸಿ ಬಲ್ಲ ಲೋಬೆಲ್ ಕಥೆಗಳನ್ನೂ ಇಬ್ಬರೇ ನಟರಿರುವ ಕಿರು ದೃಶ್ಯಗಳಂತೆ ಕಟ್ಟಿದ್ದಾರೆ.

ಪ್ರಶಸ್ತಿ ಮತ್ತು ವಿಮರ್ಶೆ

ಮೊದಲ ಪುಸ್ತಕಕ್ಕೆ 1971ರಲ್ಲಿ ಕಾಲ್ಡೆಕಾಟ್ ಗೌರವ, ಎರಡನೆಯದಕ್ಕೆ 1973ರಲ್ಲಿ ನ್ಯೂಬೆರಿ ಗೌರವ ದೊರೆತವು. ಕಾಲ್ಡೆಕಾಟ್ ಚಿತ್ರಗಳಿಗೆ, ನ್ಯೂಬೆರಿ ಬರೆಹಕ್ಕೆ ಸಲ್ಲುವಂಥದು. ಓದು ಕಲಿಯುವವರ ಪುಟ್ಟ ಪುಸ್ತಕವೊಂದನ್ನು ಸಾಹಿತ್ಯಗುಣಕ್ಕಾಗಿ ಗುರುತಿಸಿದ್ದು ಆ ಪ್ರಕಾರದ ಘನತೆಯನ್ನೇ ಹೆಚ್ಚಿಸಿತು. ಲೋಬೆಲ್ ಅವರಿಗೆ ಕಾಲ್ಡೆಕಾಟ್ ಪದಕ ಬಂದದ್ದು 1981ರಲ್ಲಿ, ‘ಫೇಬಲ್ಸ್’ ಎಂಬ ಬೇರೊಂದು ಕೃತಿಗೆ.

ಮಕ್ಕಳೊಂದಿಗೆ ತತ್ತ್ವಶಾಸ್ತ್ರ ಚರ್ಚಿಸುವ ಪದ್ಧತಿಯ ಪ್ರವರ್ತಕರಲ್ಲಿ ಒಬ್ಬರಾದ ಅಮೆರಿಕದ ತತ್ತ್ವಜ್ಞ ಗ್ಯಾರೆತ್ ಮ್ಯಾಥ್ಯೂಸ್ ಈ ಕಥೆಗಳನ್ನು ಗಂಭೀರವಾಗಿ ಪರಿಗಣಿಸಿದರು. ಸರಿಯೆಂದು ತಿಳಿದದ್ದನ್ನೇ ಮಾಡಲಾಗದ ಮನಸ್ಸಿನ ದೌರ್ಬಲ್ಯ ‘ಬಿಸ್ಕತ್ತು’ ಕಥೆಯ ಪ್ರಶ್ನೆ. ಹೆದರಿದವನು ಧೈರ್ಯಶಾಲಿಯಾಗಿರಬಲ್ಲನೆ ಎಂಬುದು ‘ಡ್ರ್ಯಾಗನ್‌ಗಳು ಮತ್ತು ದೈತ್ಯರು’ ಕಥೆಯ ಪ್ರಶ್ನೆ. ಅದರಲ್ಲಿ ಹಾವು, ಉರುಳುಬಂಡೆ, ಗಿಡುಗಗಳಿಂದ ತಪ್ಪಿಸಿಕೊಂಡ ಗೆಳೆಯರು ತಮಗೆ ಭಯವಿಲ್ಲವೆಂದು ಕೂಗುತ್ತಲೇ ಮನೆಗೆ ಓಡಿ, ಒಬ್ಬ ಹಾಸಿಗೆಯಲ್ಲೂ ಇನ್ನೊಬ್ಬ ಬಟ್ಟೆಯ ಕಪಾಟಿನಲ್ಲೂ ಅಡಗುತ್ತಾರೆ.

ಲೋಬೆಲ್ 1974ರಲ್ಲಿ ತಾವು ಸಲಿಂಗಕಾಮಿಯೆಂದು ಕುಟುಂಬದವರಿಗೆ ತಿಳಿಸಿದರು. ಇಬ್ಬರು ಗಂಡು ಗೆಳೆಯರ ಈ ಒಲವಿನ ಕಥೆಗಳು ಆ ಹೊರಬರುವಿಕೆಯ ಮೊದಲ ಹೆಜ್ಜೆಯಾಗಿದ್ದಿರಬಹುದು ಎಂಬ ಅಭಿಪ್ರಾಯವನ್ನು ಮಗಳು ಏಡ್ರಿಯನ್ 2016ರಲ್ಲಿ ‘ದ ನ್ಯೂಯಾರ್ಕರ್’ ಪತ್ರಿಕೆಯೊಂದಿಗೆ ಹಂಚಿಕೊಂಡರು. ಆ ಬಳಿಕ ಈ ಓದು ವ್ಯಾಪಕವಾಗಿದೆ. ಲೋಬೆಲ್ ಸ್ವತಃ ಕಥೆಗಳನ್ನು ಹಾಗೆ ವಿವರಿಸಿ ಪ್ರಕಟಿಸಿದವರಲ್ಲ.

ರೂಪಾಂತರಗಳು

ಜಾನ್ ಕ್ಲಾರ್ಕ್ ಮ್ಯಾಥ್ಯೂಸ್ 1985 ಮತ್ತು 1987ರಲ್ಲಿ ಮೊದಲ ಎರಡು ಪುಸ್ತಕಗಳನ್ನು ಗೊಂಬೆಗಳ ಚಲನಚಿತ್ರಗಳಾಗಿ ತಯಾರಿಸಿದರು. ರಂಗವಿನ್ಯಾಸಕಿಯಾದ ಏಡ್ರಿಯನ್ ಅವರ ಆಸಕ್ತಿಯಿಂದ ಹುಟ್ಟಿದ ಸಂಗೀತ ನಾಟಕ ‘ಎ ಇಯರ್ ವಿತ್ ಫ್ರಾಗ್ ಅಂಡ್ ಟೋಡ್’ 2002ರಲ್ಲಿ ಮಿನಿಯಾಪೊಲಿಸ್‌ನ ಚಿಲ್ಡ್ರನ್ಸ್ ಥಿಯೇಟರ್ ಕಂಪನಿಯಲ್ಲಿ ಮೊದಲ ಪ್ರದರ್ಶನ ಕಂಡಿತು. ಸಂಗೀತ ರಾಬರ್ಟ್ ರಿಯೇಲ್, ಸಂಭಾಷಣೆ ಮತ್ತು ಗೀತೆಗಳು ವಿಲ್ಲಿ ರಿಯೇಲ್ ಅವರವು. 2003ರ ಏಪ್ರಿಲ್‌ನಲ್ಲಿ ಬ್ರಾಡ್‌ವೇ ಏರಿದ ಈ ನಾಟಕಕ್ಕೆ ಶ್ರೇಷ್ಠ ಸಂಗೀತ ನಾಟಕವೂ ಸೇರಿ ಮೂರು ಟೋನಿ ನಾಮನಿರ್ದೇಶನಗಳು ಸಿಕ್ಕವು. ಅಲ್ಲಿ ಓಟ ಎರಡೇ ತಿಂಗಳಿಗೆ ಮುಗಿದರೂ ಶಾಲೆಗಳಲ್ಲೂ ಮಕ್ಕಳ ರಂಗತಂಡಗಳಲ್ಲೂ ನಾಟಕ ಬೇರೂರಿತು. 2023ರ ಏಪ್ರಿಲ್ 28ರಂದು ಆಪಲ್ ಟಿವಿ ಪ್ಲಸ್‌ನಲ್ಲಿ ಅನಿಮೇಷನ್ ಸರಣಿ ಆರಂಭವಾಯಿತು; ಫ್ರಾಗನಿಗೆ ನ್ಯಾಟ್ ಫ್ಯಾಕ್ಸನ್, ಟೋಡನಿಗೆ ಕೆವಿನ್ ಮೈಕೆಲ್ ರಿಚರ್ಡ್‌ಸನ್ ಧ್ವನಿ ನೀಡಿದರು.

ಲೋಬೆಲ್ ತಮ್ಮ ಮಿತ್ರರಿಗಾಗಿ ಕೈಯಾರೆ ತಯಾರಿಸಿ ಉಡುಗೊರೆ ಕೊಟ್ಟಿದ್ದ ಕಪ್ಪೆ, ನೆಲಗಪ್ಪೆಗಳ ಪದ್ಯಗಳು ಅವರ ಮರಣಾನಂತರ ಬೆಳಕಿಗೆ ಬಂದವು. ಅವುಗಳ ಚಿತ್ರಗಳಿಗೆ ಏಡ್ರಿಯನ್ ಬಣ್ಣ ತುಂಬಿದರು. ‘ದ ಫ್ರಾಗ್ಸ್ ಅಂಡ್ ಟೋಡ್ಸ್ ಆಲ್ ಸ್ಯಾಂಗ್’ ಎಂಬ ಹೆಸರಿನಲ್ಲಿ ಅವು 2009ರಲ್ಲಿ ಪ್ರಕಟವಾದವು.